ಬೀಡಿ ಸೇದದವರ ಮುಖ

ಇದನ್ನು ಬರೆಯಬೇಕೆಂದು ಎಷ್ಟೋ ಚಳಿಗಾಲ ಕುಳಿತಿದ್ದೇನೆ, ಅಷ್ಟೇ ಸಲ ಕಾಗದ ಮಡಚಿಟ್ಟು ಎದ್ದಿದ್ದೇನೆ. ಮನೆಯವರಿಗೆ ಹೇಳಿದರೆ “ಆಗ ಹುಡುಗ ಇದ್ದಿ, ಬಿಡು” ಎನ್ನುತ್ತಾರೆ. ಬಿಡುವುದಿಲ್ಲ. ಸುಳ್ಳು ಯಾವುದು, ಖರೆ ಯಾವುದು ಎಂದು ಹದಿನೈದು ವರ್ಷದವನಿಗೆ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಗೊತ್ತಿತ್ತು.

ಎಂಬತ್ತರ ದಶಕದ ಆರಂಭದ ದಿನಗಳವು. ನಿಪ್ಪಾಣಿ ಹತ್ತಿರದ ನಮ್ಮ ಊರಿಗೆ ಆಗ ಎರಡು ವಾಸನೆ. ಓಣಿಗಳಲ್ಲಿ ತಂಬಾಕಿನ ಘಾಟು. ಕಬ್ಬು ಕಡಿಯುವ ಕಾಲ ಬಂತೆಂದರೆ ಹೊಲದ ಗಾಣದ ಮನೆಯಿಂದ ಕುದಿಯುವ ಬೆಲ್ಲದ ಘಮ. ಶಾಲೆ ಬಿಟ್ಟೊಡನೆ ನಾವು ಗಾಣಕ್ಕೆ ಓಡುತ್ತಿದ್ದೆವು. ಅಲ್ಲಿ ಪಾಕದ ಹದ ನೋಡುವ ಕಾಕಾ ನಮಗೆಲ್ಲ ಕಬ್ಬಿನ ತುಂಡಿಗೆ ಬಿಸಿ ಪಾಕ ಹಚ್ಚಿ ಕೊಡುತ್ತಿದ್ದರು. ಊದಿ ಊದಿ ನೆಕ್ಕಿದರೂ ನಾಲಿಗೆ ಸುಡುತ್ತಿತ್ತು.

ಕಾಕಾ ಜೈನರು. ಬೀಡಿ ಇರಲಿ, ಅಡಿಕೆ ಚೂರೂ ಬಾಯಿಗೆ ಹಾಕಿದವರಲ್ಲ. ಪ್ರಾಯದಲ್ಲಿ ಕೊಪ್ಪರಿಗೆಯ ಪಾಕ ಸಿಡಿದು ಅವರ ಎಡಗೆನ್ನೆ ಸುಟ್ಟು ಮುದುಡಿತ್ತು. ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಕೆಂಪು ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ನಮಗೆ ಅದು ಬರೀ ಕಾಕಾನ ಮುಖ. ಮಕ್ಕಳಿಲ್ಲದ ಅವರ ಸುತ್ತ ಸದಾ ಮಕ್ಕಳೇ.

ನಾವು ದೊಡ್ಡ ಹುಡುಗರು ಶಾಲೆಯ ಹಿಂದೆ ಕದ್ದು ಬೀಡಿ ಸೇದುವುದು ಮಾಸ್ತರರಿಗೆ ಗೊತ್ತಾಯಿತು. ಅವರು ಚಿತ್ರ ಸ್ಪರ್ಧೆ ಇಟ್ಟರು.

“ನೋಡಿದವನ ಕೈಯಾನ ಬೀಡಿ ತಾನ ಬೀಳಬೇಕು. ಅಷ್ಟು ಭಯಂಕರ ಚಿತ್ರ ತಗೀರಿ.”

ನನ್ನ ಕೈ ಚಿತ್ರಕ್ಕೆ ಹದವಾಗಿತ್ತು. ಆದರೆ ಬೀಡಿಯಿಂದ ಕ್ಯಾನ್ಸರ್ ಆದ ಮುಖ ನಾನು ಕಂಡಿರಲಿಲ್ಲ. ಕಂಡಿದ್ದು ಒಂದೇ ಸುಟ್ಟ ಮುಖ. ಗಾಣದ ಬಳಿ ಕಬ್ಬಿನ ಒಣಗರಿಯ ರವದಿಯ ಮೇಲೆ ಕುಳಿತು, ನೋಡಿ ನೋಡಿ ಬರೆದೆ.

“ಏನ್ ಬರಿಯಾಕತ್ತೀಯೋ ತಮ್ಮಾ?”

“ಸಾಲಿದು, ಕಾಕಾ.”

“ಬರಿ, ಬರಿ. ಶಾಣ್ಯಾ ಆಗು,” ಎಂದು ಕೈಗೆ ಇನ್ನೊಂದು ತುಂಡು ಕೊಟ್ಟರು. ಅದನ್ನು ನೆಕ್ಕುತ್ತಲೇ ಅವರ ಕಣ್ಣಿಗೆ ಕೆಂಪು ಬಣ್ಣ ತುಂಬಿದೆ.

ಮೊದಲ ಬಹುಮಾನ ನನಗೇ ಬಂತು. ಮಾಸ್ತರರು ಚಿತ್ರವನ್ನು ದೊಡ್ಡ ಹಾಳೆಗೆ ಇಳಿಸಲು ಹೇಳಿ, “ಬೀಡಿ ಸೇದಿದರೆ ಇದೇ ಗತಿ” ಎಂದು ಬರೆಸಿ, ರಸ್ತೆ ಕಡೆಯ ಗೋಡೆಗೆ ಹಚ್ಚಿಸಿದರು. ಒಂದು ವಾರದಲ್ಲಿ ಸಣ್ಣ ಮಕ್ಕಳು ಗಾಣದ ದಾರಿ ಬಿಟ್ಟರು. ಅಳುವ ಕೂಸಿಗೆ ತಾಯಂದಿರು “ಸುಮ್ಮನಾಗು, ಬೀಡಿ ಕಾಕಾ ಬರ್ತಾನ” ಎಂದು ಹೆದರಿಸತೊಡಗಿದರು.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವಾಗ ಕಾಕಾ ಬಂದರು. ಹೆಗಲ ಮೇಲಿನ ವಲ್ಲಿಯಿಂದ ಮುಖದ ಬೆವರು ಒರೆಸಿಕೊಂಡು ಚಿತ್ರದ ಪಕ್ಕದಲ್ಲಿ ನಿಂತರು.

“ಮಾಸ್ತರ, ಇದು ನನ್ನ ಮಾರಿ ಹೌದಲ್ರಿ?”

“ಹಂಗೇನಿಲ್ರಿ ಕಾಕಾ. ಹುಡುಗೂರು ಅಂಜಲಿ ಅಂತ ಒಂದು ಚಿತ್ರ, ಅಷ್ಟ.”

“ಅಂಜಸ್ರಿ, ಬ್ಯಾಡ ಅನ್ನಾಂಗಿಲ್ಲ. ಖರೇ ಹೇಳಿ ಅಂಜಸ್ರಿ. ಇದು ಪಾಕ ಸಿಡದು ಸುಟ್ಟ ಮಾರಿ. ಸೇದಾವರನ್ನ ಬಿಟ್ಟು ಸೇದಲಾರದಾವನ್ನ ಗ್ವಾಡಿಗೆ ಹಚ್ಚೀರಲ್ಲ!”

ಮಾಸ್ತರರು ನನ್ನತ್ತ ತಿರುಗಿದರು. “ಯಾರನ್ನ ನೋಡಿ ತಗದೀಯೋ?”

“ಪುಸ್ತಕದಾಗ ನೋಡಿ ತಗದೇನ್ರಿ.”

ಕಾಕಾ ನನ್ನನ್ನೇ ನೋಡಿದರು. ಬೆರಳಿನಿಂದ ತಮ್ಮ ರೆಪ್ಪೆ ಮುಟ್ಟಿ ತೋರಿಸಿದರು.

“ಈ ಕಣ್ಣೂ ಪುಸ್ತಕದಾಗ ಇತ್ತೇನು, ತಮ್ಮಾ?”

“ಇತ್ರಿ,” ಎಂದೆ.

ಅವರು ಚಿತ್ರ ಹರಿಯಲಿಲ್ಲ. ಅದರ ಕೆಳಗೇ ಕುಳಿತರು. ಸಂತೆಗೆ ಹೋಗುವವರು, ಪಕ್ಕದ ಭೋಜ ಊರಿಗೆ ಹೋಗುವ ಗಾಡಿಯವರು, ಎಲ್ಲರನ್ನೂ ಕರೆದು, “ಇದು ನಾನ. ನಾ ಬೀಡಿ ಸೇದಾಂಗಿಲ್ಲ. ಬರ್ರಿ, ಬಾಯಿ ಮೂಸಿ ನೋಡ್ರಿ,” ಎಂದರು. ಗಾಣದಲ್ಲಿ ಬೆಲ್ಲದ ಹದ ಕೆಟ್ಟಿತೆಂದು ಮಾಲೀಕ ಕರೆಯಲು ಬಂದ. “ನನ್ನ ಮಾರಿ ಇಳಸಿದ ಮ್ಯಾಲ ಬರ್ತೇನಿ,” ಎಂದರು. ಮೂರನೆಯ ದಿನ ಮಾಸ್ತರರೇ ಬಂದು ಹಾಳೆ ಇಳಿಸಿ ಅವರ ಕೈಗೆ ಕೊಟ್ಟರು.

ಅಂದು ಸಂಜೆ ಗೆಳೆಯ ಶಂಕ್ರ ಶಾಲೆಯ ಹಿಂದೆ ಬೀಡಿ ಹಚ್ಚಿ ನಕ್ಕ. “ಚಿತ್ರ ಸುಳ್ಳಾತಲೇ. ಅಂದ್ರ ಕ್ಯಾನ್ಸರೂ ಸುಳ್ಳ!” ನಾನೂ ಒಂದು ಹಚ್ಚಿದೆ. ಆ ಬೀಡಿ ಬಿಡಲು ನನಗೆ ಮೂವತ್ತು ವರ್ಷ ಬೇಕಾಯಿತು. ಶಂಕ್ರ ಬಿಡುವ ಮೊದಲೇ ಹೋದ.

ಮಕ್ಕಳು ಮತ್ತೆ ಗಾಣಕ್ಕೆ ಬರತೊಡಗಿದಾಗ ನಾನೂ ನಾಚಿಕೆಯಿಲ್ಲದೆ ಸಾಲಿನಲ್ಲಿ ನಿಂತೆ. ಕಾಕಾ ಎಲ್ಲರಷ್ಟೇ ಪಾಕ ಹಚ್ಚಿ ಕೊಟ್ಟರು. ತಮ್ಮಾ ಎನ್ನಲಿಲ್ಲ. ಮುಂದೆಂದೂ ಎನ್ನಲಿಲ್ಲ.

ಈಗ ಬೀಡಿ ಪಾಕೀಟಿನ ಮೇಲೆ ಹುಣ್ಣಾದ ಮುಖಗಳು ಅಚ್ಚಾಗಿ ಬರುತ್ತವೆ. “ಇದು ಯಾರ ಮಾರಿ? ಅವರನ್ನ ಕೇಳಿ ಹಾಕ್ಯಾರೇನು?” ಎಂದು ಪಾನಿನ ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಎನ್ನಲಿ. ನಮ್ಮ ಕಬ್ಬೆಲ್ಲ ಈಗ ಕಾರ್ಖಾನೆಗೆ ಹೋಗುತ್ತದೆ. ಗಾಣ ಕಿತ್ತು ಎಷ್ಟೋ ವರ್ಷವಾಯಿತು. ನಾಲಿಗೆ ಸುಡುವ ಬೆಲ್ಲ ಈ ಊರಿನ ಮಕ್ಕಳಿಗೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ನಷ್ಟ ನನ್ನದು: ತಪ್ಪಾಯಿತು ಎನ್ನಲು ಎದುರಿಗೆ ಒಬ್ಬರಿದ್ದರು, ಇಪ್ಪತ್ತು ವರ್ಷ ಇದ್ದರು, ದಿನಾ ಅದೇ ಓಣಿಯಲ್ಲಿ ಸಿಗುತ್ತಿದ್ದರು. ನಾನು ತಲೆ ತಗ್ಗಿಸಿ ದಾಟಿದೆ. ಅವರ ಚಿತೆಗೆ ಬೆಂಕಿ ಇಟ್ಟ ದಿನವೂ ಹೋಗಲಿಲ್ಲ.

ಅವರ ಹೆಸರು ಭೂಪಾಲ.