ಮಾವನ ಡಬ್ಬಿ, ಅಮ್ಮನ ಮಣೆ

ನಮ್ಮ ಸೋದರಮಾವನಿಗೆ ಶಿಷ್ಯರು ಇಟ್ಟ ಹೆಸರು ಅರ್ಥಿಂಗ್ ಮೇಷ್ಟ್ರು. ಕರೆಂಟಿನ ಕೆಲಸ ಕಲಿಸುವ ತರಬೇತಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವನು. ಯಂತ್ರದ ಮೈಗೆ ಕರೆಂಟು ಹರಿದರೆ ಅದು ಮನುಷ್ಯನನ್ನು ಹಿಡಿಯದೆ ನೆಲಕ್ಕೆ ಇಳಿದು ಹೋಗಲಿ ಅಂತ ಒಂದು ಹಸಿರು ತಂತಿ ಕಟ್ಟುತ್ತಾರಲ್ಲ, ಅದೇ ಅರ್ಥಿಂಗ್. ಪ್ರತಿ ವರ್ಷ ಮೊದಲ ದಿನ ಆ ತಂತಿಯನ್ನು ಬೋರ್ಡಿನ ಮೇಲೆ ಬರೆದು, "ಇದನ್ನ ಮರೆತೋನು ನನ್ನ ಶಿಷ್ಯ ಅಲ್ಲ" ಅನ್ನುತ್ತಿದ್ದ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಜೇಬಿನಿಂದ ಟೆಸ್ಟರ್ ತೆಗೆದು ಅವರ ಫ್ರಿಜ್ಜಿನ ಬಾಗಿಲಿಗೆ ಮುಟ್ಟಿಸುವ ಪೈಕಿ. ಆ ಮನೆಯವರ ಮುಂದೆ ನಾವು ನಾಚಿ ಸಾಯುತ್ತಿದ್ದೆವು, ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅವನ ಪಾಲಿನ ನಾಚಿಕೆ ನಮ್ಮ ಮನೆಯಲ್ಲಿ ಕಾದು ಕೂತಿತ್ತು.

ನಮ್ಮಮ್ಮ ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಜ್ಜಿ ಬೇಗ ಹೋದದ್ದರಿಂದ ಅವನ ತಲೆ ಬಾಚಿದವಳು, ಪುಸ್ತಕಕ್ಕೆ ರಟ್ಟು ಹಾಕಿದವಳು, ಪರೀಕ್ಷೆಯಲ್ಲಿ ಬಿದ್ದಾಗ ಬೆನ್ನಿಗೆ ಗುದ್ದಿ ಆಮೇಲೆ ತಾನೇ ಅತ್ತವಳು ಅಮ್ಮ. ಮೇಣದ ಬತ್ತಿ ಮಾಡುವುದು ಅವಳ ಕಸುಬು. ಹಿಂದಿನ ಕೋಣೆಯಲ್ಲಿ ಒಂದು ಕರೆಂಟ್ ಒಲೆ, ಮೇಲೆ ದಪ್ಪ ತಳದ ಪಾತ್ರೆ, ಪಕ್ಕದಲ್ಲಿ ಅಚ್ಚುಗಳನ್ನು ತಣಿಸಲು ನೀರಿನ ತೊಟ್ಟಿ. ಆ ತೊಟ್ಟಿಯ ದೆಸೆಯಿಂದ ನೆಲ ಯಾವಾಗಲೂ ಒದ್ದೆ. ನಾನು ಕಿಟಕಿಯ ಹತ್ತಿರ ಕೂತು ಬತ್ತಿಯ ದಾರ ಕತ್ತರಿಸುತ್ತಿದ್ದೆ.

ಆ ಒಲೆಗೆ ಉರಿ ಏರಿಸುವುದು ಇಳಿಸುವುದು ಗೊತ್ತಿರಲಿಲ್ಲ. ಹಾಕಿದರೆ ಪೂರ್ತಿ, ಆರಿಸಿದರೆ ಇಲ್ಲವೇ ಇಲ್ಲ. ಮೇಣ ಹೆಚ್ಚು ಕಾದರೆ ಹೊಗೆ, ಇನ್ನೂ ಕಾದರೆ ಬೆಂಕಿ. ಅಮ್ಮ ದಿನವಿಡೀ ಸ್ವಿಚ್ಚಿನ ಪಕ್ಕದಲ್ಲಿ ನಿಂತು ಹಾಕುವುದು, ಆರಿಸುವುದು. ಒಮ್ಮೆ ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತಳು, ಕಿಟಕಿಯ ಪರದೆ ಸುಟ್ಟು ಬೂದಿಯಾಯಿತು. ಮಾವ ಬಂದು ಕಪ್ಪಾದ ಗೋಡೆ ನೋಡಿದ.

"ಅಕ್ಕಾ, ಇದಕ್ಕೊಂದು ಕಂಟ್ರೋಲರ್ ನಾನೇ ಮಾಡಿಕೊಡ್ತೀನಿ. ಅಂಗಡೀದು ಬೇಡ, ನಂಬೋ ಹಾಗಿರಲ್ಲ."

ಮಾಡಲು ಒಂದೂವರೆ ತಿಂಗಳು ತೆಗೆದುಕೊಂಡ. ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ ಟ್ರಯಾಕ್ ಅನ್ನುವ ಉಗುರಿನಷ್ಟು ಸಾಮಾನು. ಒಲೆಗೆ ಹೋಗುವ ಕರೆಂಟನ್ನು ಸೆಕೆಂಡಿಗೆ ನೂರು ಸಲ ತಡೆದು ತಡೆದು ಬಿಡುವುದು ಅದರ ಕೆಲಸ. ತಿರುಪು ತಿರುಗಿಸಿದರೆ ಉರಿ ಸಣ್ಣ, ಇನ್ನಷ್ಟು ತಿರುಗಿಸಿದರೆ ದೊಡ್ಡ. ಟ್ರಯಾಕ್ ತಾನೂ ಕಾಯುತ್ತದೆ ಅಂತ ಅದರ ಬೆನ್ನನ್ನು ಡಬ್ಬಿಗೇ ಸ್ಕ್ರೂ ಹಾಕಿ ಬಿಗಿದಿದ್ದ. ಆ ಬೆನ್ನಿನಲ್ಲೂ ಕರೆಂಟು ಇರುವುದರಿಂದ ನಡುವೆ ಕರೆಂಟನ್ನು ದಾಟಗೊಡದ ತೆಳ್ಳನೆಯ ಮೈಕಾ ಹಾಳೆ ಇಡಬೇಕು, ಇಟ್ಟಿದ್ದ. ತಿರುಪಿನ ಸುತ್ತ ಒಂದರಿಂದ ಹತ್ತರವರೆಗೆ ಬರೆದು, ಮೇಣಕ್ಕೆ ಸರಿಹೊಂದುವ ಕಡೆ, ಮೂರು ನಾಲ್ಕರ ನಡುವೆ, ಕೆಂಪು ಬಣ್ಣದಲ್ಲಿ "ಅಕ್ಕ" ಅಂತ ಬರೆದಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮಾವನಿಗೆ ಆ ಡಬ್ಬಿ ಹೆಗ್ಗಣಕ್ಕಿಂತ ಮುದ್ದು. ಡಬ್ಬಿಯ ಬಣ್ಣ ಮಾತ್ರ ಚೆನ್ನಾಗಿ ಕೂತಿಲ್ಲ ಅಂತ ಕೊನೆಯ ದಿನ ಒಳಗಿನದ್ದನ್ನೆಲ್ಲ ಬಿಚ್ಚಿ, ಮತ್ತೊಮ್ಮೆ ಬಣ್ಣ ಬಳಿದು, ಒಣಗಿದ ಮೇಲೆ ಮತ್ತೆ ಜೋಡಿಸಿ ತಂದ.

ತಂದವನು ಪ್ಲಗ್ ಚುಚ್ಚಿ, ಟೆಸ್ಟರ್ ಮುಟ್ಟಿಸಿದ. ಅದರೊಳಗಿನ ದೀಪ ಹೊತ್ತಲಿಲ್ಲ, ಅಂದರೆ ಡಬ್ಬಿಯ ಮೈಯಲ್ಲಿ ಕರೆಂಟಿಲ್ಲ. "ನೋಡು!" ಅಂದ. ಅರ್ಧ ಗಂಟೆಯಲ್ಲಿ ಮೇಣ ಹೊಗೆಯಿಲ್ಲದೆ ನೀರಿನಂತೆ ಕರಗಿ ನಿಂತಿತು. ಅಮ್ಮ ಅವನ ಕೆನ್ನೆ ಹಿಂಡಿದಳು. ಐವತ್ತು ದಾಟಿದ ಗಂಡಸು ಕಿವಿಯವರೆಗೆ ನಕ್ಕ.

ನಾಲ್ಕನೇ ದಿನ ಅಮ್ಮ ಬರಿಗಾಲಲ್ಲಿ ನಿಂತು ಡಬ್ಬಿಯನ್ನು ಕೊಂಚ ಪಕ್ಕಕ್ಕೆ ಸರಿಸಲು ಹೋದಳು. ಚೀರಿ ಹಿಂದಕ್ಕೆ ಬಿದ್ದಳು. ನಾನು ಓಡಿ ಪ್ಲಗ್ ಕಿತ್ತೆ. ಸಂಜೆವರೆಗೂ ಬಲಗೈಯಲ್ಲಿ ಅವಳಿಗೆ ಸೌಟು ಹಿಡಿಯಲಾಗಲಿಲ್ಲ.

"ಮಾವನಿಗೆ ಫೋನ್ ಮಾಡ್ತೀನಿ" ಅಂದೆ.

"ಬಾಯಿ ಮುಚ್ಚು. ಅವನಿಗೆ ಹೇಳಿದ್ರೆ ನನ್ನಾಣೆ."

ನಾನು ಬಾಯಿ ಮುಚ್ಚಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಅಮ್ಮ ಮಾರನೆಯ ದಿನದಿಂದ ರಬ್ಬರ್ ಚಪ್ಪಲಿ ಮೆಟ್ಟಿ, ಊಟಕ್ಕೆ ಕೂರುವ ಮರದ ಮಣೆಯನ್ನು ಒಲೆಯ ಮುಂದೆ ಹಾಕಿ, ಅದರ ಮೇಲೆ ನಿಂತು ಕೆಲಸ ಮಾಡತೊಡಗಿದಳು. ಡಬ್ಬಿಯನ್ನು ಸರಿಸಲು ಸೌಟಿನ ಮರದ ಹಿಡಿ. "ದಿನಾ ಹೊಡೆಯಲ್ಲ ಕಣೇ, ಅದಕ್ಕೆ ಒಂದೊಂದು ದಿನ ಸಿಟ್ಟು ಬರುತ್ತೆ, ಅಷ್ಟೇ" ಅನ್ನುತ್ತಿದ್ದಳು, ಮನೆಯ ಅಳಿಯನ ಸ್ವಭಾವ ಹೇಳುವ ಹಾಗೆ. ಹೀಗೆ ಮೂರು ತಿಂಗಳು ಕಳೆಯಿತು.

ಒಂದು ಶನಿವಾರ ಮಾವ ತನ್ನ ತರಗತಿಯ ಎಂಟು ಜನರನ್ನು ಕರೆದುಕೊಂಡು ಬಂದುಬಿಟ್ಟ. ಮನೆಯಲ್ಲೇ ಮಾಡಿದ ಕಂಟ್ರೋಲರ್ ತೋರಿಸಬೇಕಂತೆ. ಕೋಣೆ ತುಂಬಿತು. ಅಮ್ಮ ಮಣೆಯ ಮೇಲೆ ನಿಂತಿದ್ದಳು. ಇಳಿಯಲು ಹೊತ್ತು ಸಿಗಲಿಲ್ಲ.

"ಏನಕ್ಕಾ, ಭಾಷಣ ಮಾಡೋಳ ಹಾಗೆ ಮೇಲೆ ನಿಂತಿದ್ದೀಯ?"

"ನೆಲ ತಣ್ಣಗಿದೆ ಕಣೋ."

ಎಲ್ಲರೂ ನಕ್ಕರು. ಮಾವ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ಬಂದು ಪಾಠ ಶುರು ಮಾಡಿದ. "ಲೋಹದ ಡಬ್ಬಿ. ಒಳಗೆ ಇನ್ನೂರ ಮೂವತ್ತು ವೋಲ್ಟ್. ಕೆಲಸ ನೆಟ್ಟಗಿದ್ರೆ ಧೈರ್ಯವಾಗಿ ಹೀಗೆ ಕೈ ಇಡಬಹುದು" ಅಂತ ಅಂಗೈ ಚಾಚಿದ.

ಅಮ್ಮನಿಗೆ ಎರಡೇ ದಾರಿ ಇದ್ದವು: ತಮ್ಮನ ಜೀವ ಅಥವಾ ತಮ್ಮನ ಮಾನ. ಮೂರು ತಿಂಗಳಿಂದ ತನ್ನ ಜೀವ ಒತ್ತೆಯಿಟ್ಟು ಅವನ ಮಾನ ಕಾದಿದ್ದಳು.

"ಮುಟ್ಟಬೇಡ್ವೋ! ಹೊಡೆಯುತ್ತೆ!" ಅಂತ ಕಿರುಚಿ ಸೌಟಿನಿಂದ ಅವನ ಕೈಗೆ ಬಾರಿಸಿದಳು.

ಮಾವ ಜೇಬಿನಿಂದ ಟೆಸ್ಟರ್ ತೆಗೆದು ಡಬ್ಬಿಗೆ ಮುಟ್ಟಿಸಿದ. ಅದರ ಪುಟ್ಟ ದೀಪ ಕೆಂಪಗೆ ಹೊತ್ತಿತು. ಆಮೇಲೆ ಗೋಡೆಯತ್ತ ನೋಡಿದ. ಎರಡು ಕಡ್ಡಿಯ ಪ್ಲಗ್. ಹಳೆಯ ರೇಡಿಯೋದ ವೈರು ಕತ್ತರಿಸಿ ಹಾಕಿದ್ದ. ಹಸಿರು ತಂತಿ ಇರಲೇ ಇಲ್ಲ. ಪ್ಲಗ್ಗನ್ನು ಒಂದು ಕಡೆಗೆ ಚುಚ್ಚಿದರೆ ಡಬ್ಬಿ ಸಾಧು, ತಿರುಗಿಸಿ ಚುಚ್ಚಿದರೆ ಯಮ. ತಂದ ದಿನ ಅದೃಷ್ಟಕ್ಕೆ ಸಾಧುವಾಗಿತ್ತು. ಆಮೇಲೆ ಅಮ್ಮ ದಿನಾ ಸಂಜೆ ಕಿತ್ತು ಬೆಳಿಗ್ಗೆ ಚುಚ್ಚುವಾಗ ಪ್ಲಗ್ ಯಾವ ಕಡೆಗೆ ಬಿತ್ತೋ, ಅದೇ ಡಬ್ಬಿಯ ಆ ದಿನದ ಸಿಟ್ಟು. ಪ್ಲಗ್ ಕಿತ್ತು ಡಬ್ಬಿ ಬಿಚ್ಚಿದ. ಟ್ರಯಾಕಿನ ಬೆನ್ನಿಗೆ ಮೈಕಾ ಇರಲಿಲ್ಲ. ಬಣ್ಣ ಬಳಿಯುವಾಗ ಬಿಚ್ಚಿದ ಸ್ಕ್ರೂಗಳನ್ನು ಅವನ ಮನೆಯಲ್ಲಿ ಯಾವುದೋ ಮುಚ್ಚಳದಲ್ಲಿ ಹಾಕಿಟ್ಟಿದ್ದ, ಮೈಕಾ ಅದರಲ್ಲೇ ಉಳಿದಿತ್ತು ಅಂತ ಆಮೇಲೆ ಗೊತ್ತಾಯಿತು.

ಶಿಷ್ಯರಲ್ಲಿ ಒಬ್ಬನೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡುತ್ತಿದ್ದರು.

"ಎಷ್ಟು ದಿನದಿಂದ ಅಕ್ಕಾ?"

"ಮೂರು ತಿಂಗಳಾಯ್ತೇನೋ."

"ಯಾಕೆ ಹೇಳ್ಲಿಲ್ಲ?"

"ತಂದ ದಿನ ನಿನ್ನ ಮುಖ ನೋಡಿದ್ದೆ. ಹೇಗೆ ಹೇಳ್ಲಿ?"

ಮಾವ ಒದ್ದೆ ನೆಲದ ಮೇಲೆ ಹಾಗೇ ಕುಕ್ಕರಿಸಿದ. ತಪ್ಪು ಮಾಡಿದ ನಾಚಿಕೆ ಒಂದು ಕಡೆಗಿರಲಿ. ಅಕ್ಕ ಸಾಯಲು ತಯಾರಿದ್ದಳು, ತಪ್ಪಾಗಿದೆ ಅಂತ ಹೇಳಲು ತಯಾರಿರಲಿಲ್ಲ, ಅಂಥ ಮನುಷ್ಯನಾಗಿ ತಾನು ಬೆಳೆದುಬಿಟ್ಟೆನಲ್ಲ ಅನ್ನುವುದೇ ಅವನನ್ನು ಕೊಂದದ್ದು. ಇದನ್ನು ಅವನೇ ಆಮೇಲೆ ನನಗೆ ಹೇಳಿದ, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಮಾರನೆಯ ದಿನ ಬೆಳಿಗ್ಗೆಯೇ ಬಂದ. ಮೈಕಾ ಹಾಕಿದ. ಮೂರು ಕಡ್ಡಿಯ ಪ್ಲಗ್ ಹಾಕಿದ. ಹಿತ್ತಲಲ್ಲಿ ತಾನೇ ಗುಂಡಿ ತೋಡಿ ಹಸಿರು ತಂತಿಯನ್ನು ಕೋಣೆಯವರೆಗೆ ಎಳೆದ. ಕೊನೆಗೆ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಎರಡೂ ಅಂಗೈಯನ್ನು ಡಬ್ಬಿಯ ಮೇಲಿಟ್ಟು, "ಸ್ವಿಚ್ ಹಾಕಕ್ಕಾ" ಅಂದ. ಅಮ್ಮ ಹಾಕಲಿಲ್ಲ. ಅಳುತ್ತಾ ನಿಂತಳು. ನಾನೇ ಹಾಕಿದೆ. ಏನೂ ಆಗಲಿಲ್ಲ. "ಮರೆತೋನು ನನ್ನ ಶಿಷ್ಯ ಅಲ್ಲ" ಅನ್ನುವ ಮಾತನ್ನು ಆ ವರ್ಷದಿಂದ ಅವನು ತರಗತಿಯಲ್ಲಿ ಹೇಳಲಿಲ್ಲವಂತೆ.

ಡಬ್ಬಿ ಈಗಲೂ ಕೆಲಸ ಮಾಡುತ್ತದೆ, ಹೊಡೆಯುವುದಿಲ್ಲ. ಆದರೆ ಅಮ್ಮನ ಕಾಲು ಮಣೆ ಬಿಡಲಿಲ್ಲ. ಮಾವ ಬರುವ ಸದ್ದಾದರೆ ಅದನ್ನು ಬೀರುವಿನ ಹಿಂದಕ್ಕೆ ತಳ್ಳಿ ನೆಲದ ಮೇಲೆ ನಿಲ್ಲುತ್ತಾಳೆ. ಮೊದಲೆಲ್ಲ ಹೇಳದೆ ಕೇಳದೆ ಒಳಗೆ ನುಗ್ಗುತ್ತಿದ್ದ ಮಾವ, ಈಗ ಗೇಟಿನಿಂದಲೇ "ಅಕ್ಕಾ, ನಾನು ಬಂದೆ" ಅಂತ ಗಟ್ಟಿಯಾಗಿ ಕೂಗುತ್ತಾನೆ. ಆಮೇಲೆ ಬಾಗಿಲಲ್ಲಿ ಬಗ್ಗಿ, ಬಿಡಲು ಏನೂ ಕಷ್ಟವಿಲ್ಲದ ಚಪ್ಪಲಿಯನ್ನು ಬಹಳ ಹೊತ್ತು ಬಿಡುತ್ತಾ ನಿಲ್ಲುತ್ತಾನೆ. ಒಳಗಿನಿಂದ ಮಣೆ ಎಳೆಯುವ ಸದ್ದು ನಿಂತ ಮೇಲೆಯೇ ಒಳಗೆ ಬರುತ್ತಾನೆ.