ಅತ್ತೆಗೆ ಗೊತ್ತಾಗಬಾರದ ಕಾಯಿಲೆ

ಗಂಡನ ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿಕೊಂಡು ಬಂದ ಮೇಲೆ, ಶಿಕಾರಿಪುರದ ನಮ್ಮ ಬೀದಿಯಲ್ಲಿ ನನಗೊಂದು ಹೊಸ ಪದವಿ ಸಿಕ್ಕಿತು. ಯಾರ ಮನೆಯಲ್ಲಿ ಗಂಟು ಕಾಣಿಸಿದರೂ ನನಗೆ ಫೋನು. ದೊಡ್ಡಾಸ್ಪತ್ರೆಯಲ್ಲಿ ಯಾವ ಕಿಟಕಿಯಲ್ಲಿ ಚೀಟಿ, ಯಾವ ಮಹಡಿಯಲ್ಲಿ ಸ್ಕ್ಯಾನು, ಯಾವ ಗುಮಾಸ್ತರಿಗೆ ಊಟಕ್ಕೆ ಮುಂಚೆ ಸಿಟ್ಟು, ಯಾರಿಗೆ ಊಟವಾದ ಮೇಲೆ, ಎಲ್ಲ ನನಗೆ ಬಾಯಿಪಾಠ. ಗಂಡ ಈಗ ಗಟ್ಟಿಯಾಗಿದ್ದಾರೆ. ದನಿ ಸ್ವಲ್ಪ ಇಳಿದಿದೆ. ಮನೆಯ ಮಟ್ಟಿಗೆ ಅದೊಂದು ನಷ್ಟವೆಂದು ನಾನೆಲ್ಲೂ ಹೇಳಿಕೊಂಡಿಲ್ಲ.

ಹೊಸಬಾಳೆಯಿಂದ ಭಾವನ ಫೋನು ಬಂದದ್ದು ಒಂದು ಬೆಳಿಗ್ಗೆ. ಭಾವ ಎಂದರೆ ನನ್ನ ಸೋದರತ್ತೆಯ ಮಗ. ಮೆಕ್ಕೆಜೋಳದ ಹೊಲದ ನಡುವೆ ನಿಂತು ಮಾತಾಡುತ್ತಿದ್ದರೂ ಪಿಸುಗುಟ್ಟುತ್ತಿದ್ದ.

"ಅಮ್ಮಂಗೆ ಎದೆಯಾಗೆ ಗಂಟು. ಪರೀಕ್ಷೆ ಮಾಡಿಸಿದ್ವಿ. ಅದೇ ಅಂತೆ."

"ಕ್ಯಾನ್ಸರ್ರಾ?"

"ಆ ಹೆಸ್ರು ಎತ್ಬೇಡ ಮಾರಾಯ್ತಿ! ಅಮ್ಮಂಗೆ ಗ್ಯಾಸ್ಟ್ರಿಕ್ ಅಂತ ಹೇಳೀವಿ. ನೀನೂ ಹಂಗೇ ಹೇಳು."

ಎದೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎಬ್ಬಿಸುವ ಗ್ಯಾಸ್ಟ್ರಿಕ್ ವೈದ್ಯಲೋಕಕ್ಕೇ ಹೊಸದು. ಆದರೂ ಮನೆಮಂದಿಯೆಲ್ಲ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಸೊಸೆ ಅತ್ತೆಯ ಸಾರಿಗೆ ಖಾರ ಹಾಕುವುದನ್ನು ನಿಲ್ಲಿಸಿದ್ದಳು. ಪಕ್ಕದ ಮನೆಯವರು ಜೀರಿಗೆ ಕಷಾಯ ಕಳಿಸುತ್ತಿದ್ದರು. ಅತ್ತೆ ಅದನ್ನು ಮರುಮಾತಿಲ್ಲದೆ ಕುಡಿಯುತ್ತಿದ್ದರು.

ಶಿಫಾರಸು ಪತ್ರ ಹಿಡಿದು ಅತ್ತೆ, ಭಾವ, ನಾನು ಮೂವರೂ ದೊಡ್ಡಾಸ್ಪತ್ರೆಗೆ ಹೋದೆವು. ಮೊದಲ ಕಿಟಕಿಯಲ್ಲೇ ತಡೆ. ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರಿನ ಕೊನೆಗೆ 'ಅಮ್ಮ' ಇತ್ತು, ಆಧಾರಿನಲ್ಲಿ ಇರಲಿಲ್ಲ.

"ಇವ್ರು ಬೇರೆ, ಅವ್ರು ಬೇರೆ ಆಗ್ತಾರ್ರೀ," ಎಂದರು ಗುಮಾಸ್ತರು. "ಕಂಪ್ಯೂಟರ್ ತಗೊಳಲ್ಲ."

ಹೀಗಾಗಿ ರೇಷನ್ ಕಾರ್ಡಿನ ಅತ್ತೆಗೆ ಸರ್ಕಾರದ ಉಚಿತ ಚಿಕಿತ್ಸೆ ಇತ್ತು, ಕಾಯಿಲೆ ಇರಲಿಲ್ಲ. ಆಧಾರಿನ ಅತ್ತೆಗೆ ಕಾಯಿಲೆ ಇತ್ತು, ಚಿಕಿತ್ಸೆ ಇರಲಿಲ್ಲ. ಕಿಟಕಿಯ ಮುಂದೆ ಸೆರಗು ಹೊದ್ದು ನಿಂತಿದ್ದ ಮೂರನೆಯ ಅತ್ತೆಯನ್ನು ಯಾರೂ ತಲೆಯೆತ್ತಿ ನೋಡಲಿಲ್ಲ.

ಅತ್ತೆಯ ತಾಲ್ಲೂಕು ಊರಾದ ಸೊರಬಕ್ಕೆ ವಾಪಸ್ಸು ಬಂದು, ನೋಟರಿ ವಕೀಲರ ಮುಂದೆ ಕುಳಿತೆವು. ಇವರಿಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಬೇಕಿತ್ತು. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳುತ್ತಾ ಅತ್ತೆ ವಕೀಲರನ್ನು ಕೇಳಿದರು:

"ನಾನು ನಾನೇ ಅಂತ ನಿಮಗೆ ಹೆಂಗೆ ಗೊತ್ತಾತು ಸ್ವಾಮಿ? ಇವತ್ತೇ ಮೊದ್ಲು ನೋಡಿದ್ದಲ್ವ ನನ್ನ?"

ವಕೀಲರು ಇನ್ನೊಂದು ಕಡೆಗೂ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮರುವಾರ ಮತ್ತೆ ಆಸ್ಪತ್ರೆ. ಈ ಬಾರಿ ಕಂಪ್ಯೂಟರು ಅತ್ತೆಯನ್ನು ಒಪ್ಪಿಕೊಂಡು, ಒಳಗಿನ ವಿಭಾಗಕ್ಕೆ ಕಳಿಸಿತು. ಅದರ ಬಾಗಿಲ ಮೇಲೆ 'ಕ್ಯಾನ್ಸರ್ ವಿಭಾಗ' ಎಂದು ಅಂಗೈಯಗಲದ ಅಕ್ಷರಗಳಿದ್ದವು. ಭಾವ ಅದನ್ನು ಮರೆಮಾಡಲು ಬಾಗಿಲಲ್ಲಿ ತೋಳೆತ್ತಿ ನಿಂತ. ಅಷ್ಟುದ್ದದ ಬೋರ್ಡಿಗೆ ಅವನ ತೋಳು ಸಾಲಲಿಲ್ಲ. ಅತ್ತೆಗೆ ಓದು ಬರುವುದಿಲ್ಲ ಎಂಬುದು ಅವನಿಗೆ ಆ ಗಾಬರಿಯಲ್ಲಿ ನೆನಪೂ ಇರಲಿಲ್ಲ.

ಒಳಗೆ ಬೆಂಚು ತುಂಬ ಜನ. ಸಿಬ್ಬಂದಿಯೊಬ್ಬರು ಫೈಲುಗಳ ಕಟ್ಟು ಹಿಡಿದು ಹೊರಗೆ ಬಂದು, ಹರಾಜು ಕೂಗುವವರ ಗಂಟಲಲ್ಲಿ ಕೂಗಿದರು:

"ಬ್ರೆಸ್ಟ್ ಕ್ಯಾನ್ಸರ್, ಹೊಸಬಾಳೆ! ಯಾರ್ರೀ ಅದು?"

ನಾನು ಭಾವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ನಮ್ಮಿಬ್ಬರ ನಡುವಿನಿಂದ ಒಂದು ಕೈ ಮೇಲಕ್ಕೆದ್ದಿತು.

"ನಾನೇ ಕಣಪ್ಪ," ಎಂದರು ಅತ್ತೆ. "ಇನ್ನೊಂಚೂರು ಮೆತ್ತಗೆ ಕೂಗಿದ್ರೂ ಕೇಳ್ತಿತ್ತು."

ಭಾವನ ಕಣ್ಣಲ್ಲಿ ಬಳಬಳ ನೀರು. "ಅಮ್ಮಾ, ನಿಂಗೆ ಯಾರು ಹೇಳಿದ್ರು?"

"ನೀನೇ. ದಿನಾ ಟೀವಿ ಸೌಂಡು ಜೋರು ಮಾಡಿ, ಅದಕ್ಕಿಂತ ಜೋರಾಗಿ ಫೋನಾಗೆ ಮಾತಾಡ್ತಿದ್ಯಲ್ಲ, ಎದೆ ಕಾಯಿಲೆ ಬಂದ್ರೆ ಕಿವಿ ಹೋಗ್ತದಾ?"

"ಮತ್ತೆ ಸುಮ್ಮನೆ ಯಾಕಿದ್ದೆ?"

"ನೀನು ಹೆದ್ರಿದ್ದೆ. ನಂಗೂ ಗೊತ್ತು ಅಂತಂದ್ರೆ ಇನ್ನೂ ಹೆದ್ರ್ತಿದ್ದೆ."

ಭಾವ ಎದ್ದು ಹೊರಗೆ ಹೊರಟ. ಅತ್ತೆ ಅವನ ಅಂಗಿ ಹಿಡಿದು ಜಗ್ಗಿದರು. "ಅಳೋದಾದ್ರೆ ಇಲ್ಲೇ ಕೂತ್ಕಂಡು ಅಳು. ನೀನು ಆಚೆ ಹೋಗಿ, ನಿನ್ನ ಹುಡ್ಕಕ್ಕೆ ಇವ್ಳು ಹೋಗಿ, ನಮ್ಮ ಪಾಳಿ ತಪ್ಪೋದು ಬ್ಯಾಡ."

ಅವನು ಅಲ್ಲೇ ಕುಳಿತು ಅತ್ತ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು. ನಾನು ಅತ್ತೆಯ ಕೈ ಹಿಡಿದೆ. ಮಾತು ಅಷ್ಟು ಗಟ್ಟಿಯಿದ್ದರೂ ಕೈ ತಣ್ಣಗಿತ್ತು.

ಡಾಕ್ಟರು ವಯಸ್ಸಿನಲ್ಲಿ ಭಾವನಿಗಿಂತ ಚಿಕ್ಕವರು. ಅತ್ತೆಯನ್ನು ಪರೀಕ್ಷಿಸಿದರು, ಬಳಿಕ ಕುರ್ಚಿ ತಿರುಗಿಸಿ ಭಾವನಿಗೆ ವಿವರಿಸತೊಡಗಿದರು. ಮೊದಲು ಆಪರೇಷನ್, ಆಮೇಲೆ ಕೀಮೋ, ಕೂದಲು ಉದುರುತ್ತದೆ, ಪೇಷಂಟಿಗೆ ಹೀಗಾಗಬಹುದು, ಪೇಷಂಟಿಗೆ ಹಾಗಾಗಬಹುದು. ಪೇಷಂಟು ಎದುರಿಗೇ ಕುಳಿತಿದ್ದರು.

"ಡಾಕ್ಟ್ರೇ," ಎಂದರು ಅತ್ತೆ, "ಗಂಟು ಇರೋದು ನಂಗೆ. ಅವ್ನಿಗೆ ಏನು ಹೇಳ್ತೀರಿ? ಈ ಕಡೆ ತಿರುಗ್ರಿ."

ಡಾಕ್ಟರು ತಿರುಗಿದರು. ಆ ಹುಡುಗನ ಕಿವಿ ಕೆಂಪಾಗಿದ್ದನ್ನು ನೋಡಿ ನನಗೆ ಆದ ಸಂತೋಷವನ್ನು ಈಗಲೂ ಮುಚ್ಚಿಡಲಾರೆ. ಅವರು ಮೊದಲಿನಿಂದ ಇನ್ನೊಮ್ಮೆ ಹೇಳಿದರು, ಈ ಬಾರಿ ಕನ್ನಡದಲ್ಲಿ. ಅತ್ತೆ ಎಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರು. "ಖಾರ ತಿನ್ಬೋದಾ?"

"ತಿನ್ನಿ."

ಅತ್ತೆ ಮಗನ ಕಡೆಗೊಮ್ಮೆ ನೋಡಿದರು.

ಆಪರೇಷನ್ ಆಯಿತು. ಕೀಮೋ ಶುರುವಾಗಿ ಕೂದಲು ಉದುರಿತು. ಅತ್ತೆ ವಾಂತಿಯಿಂದ ಸೋತು, "ಸಾಕು, ಬಿಟ್ಟುಬಿಡಿ" ಎಂದು ಮಗುವಿನಂತೆ ಅತ್ತ ದಿನಗಳೂ ಇದ್ದವು. ನೋಡಲು ಬಂದ ನೆಂಟರು ಬ್ರೆಡ್ಡು, ಎಳನೀರು ತಂದು, ಇದೇ ಕಾಯಿಲೆಯಲ್ಲಿ ಯಾರ್ಯಾರು ಸತ್ತರೆಂಬ ವಿವರ ಕೊಟ್ಟು, ಧೈರ್ಯ ತುಂಬಿ ಹೋದರು. ತಾಳಗುಂದದ ಒಬ್ಬ ನೆಂಟರಂತೂ ಸತ್ತವರ ಕೊನೆಯ ಮಾತುಗಳನ್ನೂ ಬಿಡದೆ ಒಪ್ಪಿಸಿದರು. ಅತ್ತೆ ಅವರಿಗೆ ಜೀರಿಗೆ ಕಷಾಯ ಮಾಡಿಸಿ ಕೊಟ್ಟರು.

ಚಿಕಿತ್ಸೆ ಮುಗಿದು ಈಗ ಅತ್ತೆ ತಪಾಸಣೆಗೆ ಮಾತ್ರ ಹೋಗಿಬರುತ್ತಾರೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರಾಗಿ. ಹೋದ ಬೇಸಿಗೆಯಲ್ಲಿ ಅವರ ಕೇರಿಯ ಹೆಂಗಸೊಬ್ಬಳು ಸಂಜೆ ಹೊತ್ತು ಬಂದು, ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿದ್ದಳಂತೆ. ಗಂಡನಿಗೂ ಹೇಳಿರಲಿಲ್ಲ. ಅತ್ತೆ ಬಾಗಿಲು ಹಾಕಿ, ರವಿಕೆ ಬಿಚ್ಚಿ, ಗಾಯದ ಗುರುತು ತೋರಿಸಿದರಂತೆ. "ಮುಟ್ಟಿ ನೋಡು," ಎಂದರಂತೆ. ಅವಳು ಮುಟ್ಟಿ ನೋಡಿ, ಆಮೇಲೆ ತನ್ನ ಎದೆಯ ಗಂಟನ್ನೂ ತೋರಿಸಿದಳಂತೆ.

ಅದಾದ ಮೇಲಿನ ಸೋಮವಾರ ಅತ್ತೆ ನನಗೆ ಫೋನು ಮಾಡಿದರು. ಹಿಂದೆ ಬಸ್ಸಿನ ಸದ್ದು.

"ಅವ್ಳನ್ನ ದೊಡ್ಡಾಸ್ಪತ್ರೆಗೆ ಕರ್ಕಂಡು ಹೊಂಟೀನಿ. ಕಾರ್ಡು, ಆಧಾರು ಎರಡರಾಗೂ ಹೆಸ್ರು ಒಂದೇ ಐತೆ, ನಿನ್ನೆನೇ ಮಾಷ್ಟ್ರ ಹತ್ರ ಓದಿಸ್ದೆ."

"ನಾನೂ ಬರ್ಲಾ ಅತ್ತೆ?"

"ನೀನ್ಯಾಕೆ? ದಾರಿ ನಂಗೆ ಗೊತ್ತು. ಬಸ್ ಬಿಡ್ತಾ ಐತೆ, ಇಡ್ತೀನಿ."