ಒಂದು ಮೊಳ ಇಂಗ್ಲಿಷ್

ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ನನಗೆ ಮೊದಲ ಸಲ ಬೇಕಾದ ಅಂಕ ಬಂದಿರಲಿಲ್ಲ. ಪದ, ವ್ಯಾಕರಣ ಎಲ್ಲ ಉರುಹೊಡೆದಿದ್ದರೂ ಬಾಯಿ ತೆರೆದರೆ ಮರೆತುಹೋಗುತ್ತಿತ್ತು. ಎರಡನೇ ಸಲದ ಪರೀಕ್ಷೆಗೆ ಮುಂಚೆ ತಮಿಳುನಾಡಿನ ನಿಲಕ್ಕೋಟ್ಟೈಯಲ್ಲಿ ಹೂ ಕಟ್ಟುವ ಅತ್ತೆಯ ಮುಂದೆ ಅಭ್ಯಾಸಕ್ಕೆ ಕುಳಿತೆ. ಅತ್ತೆಗೆ ಇಂಗ್ಲಿಷ್ ಬಾರದು. ಅವರು ಒಂದು ಮೊಳ ಮಲ್ಲಿಗೆ ಕಟ್ಟಿ ಮುಗಿಸುವವರೆಗೆ ನಾನು ನಿಲ್ಲದೆ ಮಾತಾಡಬೇಕು, ಅಷ್ಟೇ.

ನಡುವೆ ತಡವರಿಸಿದೆ. ಅತ್ತೆಯ ಕೈಯೂ ನಿಂತಿತು.

“ಏನ್ ತಂಬಿ, ನಾರು ಕಿತ್ತೋಯ್ತಾ?”

“ಪದ ಮರ್ತೋಯ್ತು ಅತ್ತೆ.”

“ಒಂದು ಹೂ ಬಿದ್ರೆ ಇನ್ನೊಂದು ಇಟ್ಟು ಕಟ್ಟಲ್ವಾ? ಮಾತಾಡಪ್ಪಾ.”

ಬೇರೆ ಪದ ಹಾಕಿ ಮುಂದುವರಿದೆ, ಮೊಳ ಮುಗಿಯಿತು.

ಮೊನ್ನೆ ಪರೀಕ್ಷೆಯಲ್ಲೂ ಎರಡು ಪದ ಕೈಕೊಟ್ಟವು. ಮೂರಿದ್ದರೂ ಇರಬಹುದು, ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಈ ಸಲ ನಾನು ಮಾತು ನಿಲ್ಲಿಸಲಿಲ್ಲ.